ಬಲಗೈಗೆ ಕಟ್ಟಿದ ವಾಚು

ರಜೆಗೆ ಬಂದಾಗಲೆಲ್ಲ ನೀವಿಬ್ಬರೂ ಕೇಳುತ್ತೀರಿ, ಎಲ್ಲರೂ ಎಡಗೈಗೆ ವಾಚು ಕಟ್ಟಿದರೆ ಅಜ್ಜಿ ಮಾತ್ರ ಯಾಕೆ ಬಲಗೈಗೆ ಕಟ್ಟುತ್ತಾಳೆ ಎಂದು. ನಾನು ನಕ್ಕು ಹುರುಳಿಯಲ್ಲಿ ಕಲ್ಲು ಆರಿಸುತ್ತಾ ಕೂರುತ್ತೇನೆ. ಬಾಯಲ್ಲಿ ಹೇಳಲು ನಾಚಿಕೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತದ್ದು ಇಷ್ಟಕ್ಕೆ ಸಾಕಾಗುತ್ತದೆ.

ಮಧುಗಿರಿಯಲ್ಲಿ ಹಿರಿಯರಿಗೆಂದು ನಡಿಗೆ ಪಂದ್ಯ ಇಡುತ್ತಾರೆ. ವಾಚು ಬರುವುದಕ್ಕೆ ಹಿಂದಿನ ವರ್ಷ ಅದರಲ್ಲಿ ಬರಿಗಾಲಲ್ಲಿ ನಡೆದು ನಾನು ಎರಡನೆಯವಳಾಗಿ ಬಂದಿದ್ದೆ. ಕರೆದುಕೊಂಡು ಹೋದವರು ನಮ್ಮೂರಿನ ಪೀಟಿ ಮೇಡಂ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದವರು. ನಾನು ದಿನವೂ ಕುರಿಗಳ ಹಿಂದೆ ಹೋಗುವುದನ್ನು ಜಗಲಿಯ ಮೇಲಿಂದ ನೋಡಿ ನೋಡಿ, "ಇಂಥಾ ನಡಿಗೇನ ಬರೀ ಕುರಿಗಳಿಗೆ ತೋರಿಸ್ತಾ ಇದ್ದೀರಲ್ಲಮ್ಮ" ಎಂದು ಎಬ್ಬಿಸಿದವರು ಅವರೇ. ಬಹುಮಾನಕ್ಕೆ ವೇದಿಕೆ ಹತ್ತುವಾಗ ನಾನು ತಲೆ ತುಂಬ ಸೆರಗು ಹೊದ್ದುಕೊಂಡೆ. ಆದರೆ ಆ ಮೈದಾನ, ಎದುರಿಗೆ ಒಂದೇ ಕಲ್ಲಾಗಿ ನಿಂತ ಬೆಟ್ಟ, ಯಾವ ಕುರಿ ಯಾರ ಹೊಲಕ್ಕೆ ನುಗ್ಗಿತೋ ಎಂಬ ಯೋಚನೆಯಿಲ್ಲದೆ ನನ್ನ ಪಾಡಿಗೆ ನಾನು ನಡೆದದ್ದು, ಇವು ಮನಸ್ಸಿನಿಂದ ಹೋಗಲಿಲ್ಲ. ಇನ್ನೊಂದು ಸಲ ಹೋಗಬೇಕು ಅನ್ನಿಸುತ್ತಿತ್ತು. ನಾನು ಬಾಯಿಬಿಟ್ಟು ಕೇಳಿದ ಆಸೆಗಳು ಕಡಿಮೆ.

ಆಮೇಲಿನ ಬೇಸಿಗೆಯಲ್ಲಿ ಒಂದು ಸೋಮವಾರ ಒಪ್ಪೊತ್ತೆಂದು ಬೆಳಗ್ಗೆ ಏನೂ ಉಣ್ಣದೆ ಕುರಿ ಹೊಡೆದುಕೊಂಡು ಹೋಗಿ, ವಾಪಸು ಬಂದು ಕುರಿ ಕೂಡುವ ರೊಪ್ಪದ ಬಾಗಿಲು ತೆಗೆಯುವಾಗ ಕಣ್ಣು ಕತ್ತಲಿಟ್ಟು ಕುಸಿದೆ. ನಿಮ್ಮ ಚಿಕ್ಕಮ್ಮ ನೀರು ಚಿಮುಕಿಸಿ ಎಬ್ಬಿಸಿದಳು. ನಿಮ್ಮಪ್ಪ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕಾವಲು ಡ್ಯೂಟಿಯಲ್ಲಿದ್ದವನು ಹಾಕಿದ ಯೂನಿಫಾರಂನಲ್ಲೇ ಬೈಕು ಹತ್ತಿ ಬಂದ. ಅವನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ನಿಮ್ಮ ತಾತ ಹೋದದ್ದು ಎದೆ ಹಿಡಿದುಕೊಂಡು, ಕುರಿಗಳ ನಡುವೆ. ಮೊದಲು ಓಡಿಹೋಗಿ ನೋಡಿದವನು ನಿಮ್ಮಪ್ಪ.

"ಅಪ್ಪಂಗೂ ಮೊದ್ಲು ಇಂಗೇ ತಲೆ ಸುತ್ತಿದ್ದು ಕಣವ್ವ. ಪಂದ್ಯನೂ ಬ್ಯಾಡ, ಕುರಿನೂ ಬ್ಯಾಡ. ಪಾವಗಡಕ್ ಬಂದು ನಮ್ ಜೊತೆ ಇದ್ಬುಡು" ಎಂದ.

"ಅಲ್ಲಿ ಬಂದು ಏನ್ ಮಾಡ್ಲಪ್ಪ, ನಿನ್ ಕರೀ ಕನ್ನಡಿಗಳನ್ನ ಮೇಯಿಸ್ಲಾ?" ಎಂದೆ. ಅವನು ನಗಲಿಲ್ಲ.

ಮೇಡಂ ನಡುವೆ ಬಂದು ಒಂದು ದಾರಿ ಮಾಡಿದರು. ನಡೆಯುವಾಗ ಎದೆಬಡಿತ ತೋರಿಸುವ ವಾಚು ಬಂದಿದೆ, ಅದನ್ನು ಕಟ್ಟಿಕೊಂಡೇ ನಡೆಯಲಿ, ಅಂಕಿ ನಿನ್ನ ಫೋನಿಗೂ ಬರುವಂತೆ ಮಾಡೋಣ ಎಂದರು. ನಿಮ್ಮಪ್ಪ ಒಪ್ಪಿದ. ಆದರೆ ಅಂಕಿ ಹೆಚ್ಚುಕಡಿಮೆ ಕಂಡರೆ ಅವತ್ತಿಗೇ ಪಂದ್ಯ ಬಂದ್, ಕುರಿ ಬಂದ್, ಪಾವಗಡದ ಬಸ್ಸು ಎಂದ. ಅದರಲ್ಲಿ ಹಿಂದುಮುಂದು ಇಲ್ಲ ಎಂದೂ ಹೇಳಿದ.

ನಿಮ್ಮಪ್ಪ ತಂದುಕೊಟ್ಟ ವಾಚಿನ ಹೊಟ್ಟೆಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ನಿಮ್ಮ ತಾತ ಹೋದ ಮೇಲೆ ನನ್ನ ಮುಂಗೈಗೆ ಏನೂ ಹಾಕಿರಲಿಲ್ಲ. ಮನೆಯಲ್ಲಿ ಅದನ್ನು ಬಳೆಯಂತೆ ಸಡಿಲವಾಗಿ ಎಡಗೈಯ ಮಣಿಕಟ್ಟಿನ ಗಿಣ್ಣಿನ ಕೆಳಗೆ ಬಿಟ್ಟುಕೊಂಡು ಕೂತೆ. ಅರವತ್ತೆಂಟು, ಎಪ್ಪತ್ತು ಎಂದು ತೋರಿಸಿತು. ನಿಮ್ಮಪ್ಪ ಸಮಾಧಾನದಿಂದ ವಳ್ಳೂರಿಗೆ ಹೊರಟ.

ಅಭ್ಯಾಸ ಮದಲೂರು ಕೆರೆ ಏರಿಯ ಮೇಲೆ. ಬೆಳಗಿನ ಹೊತ್ತು ಅಲ್ಲಿ ಗಾಡಿ ಕಾಟ ಇಲ್ಲ, ದಾರಿ ಮಟ್ಟಸ, ನೀರಿನ ಮೇಲಿಂದ ಗಾಳಿ ಬರುತ್ತದೆ. ಜೊತೆಗೆ ಶಿರಾದ ಆಪಾ ಬರುತ್ತಿದ್ದಳು, ಆಪಾ ಎಂದರೆ ಅವರಲ್ಲಿ ಅಕ್ಕ, ಊರೆಲ್ಲ ಹಾಗೇ ಕರೆಯುತ್ತದೆ. ಅವಳ ತವರು ಶಿರಾ ಟೌನು, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾಳೆ. ಕಪ್ಪು ಬುರ್ಖಾದ ಕೆಳಗೆ ಗುಲಾಬಿ ಬಣ್ಣದ ಶೂ. ನನಗಿಂತ ಮೂರ್ನಾಲ್ಕು ವರ್ಷಕ್ಕೆ ಚಿಕ್ಕವಳು, ಮಾತಿನಲ್ಲಿ ಮಾತ್ರ ನನ್ನ ಹತ್ತರಷ್ಟು.

ಮೇಡಂ ಲೆಕ್ಕ ಹೇಳಿಕೊಟ್ಟರು. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆಯಬೇಕು. ನನಗೆ ಅರವತ್ತೈದು, ಕಳೆದರೆ ನೂರ ಐವತ್ತೈದು. ಅದನ್ನು ಹದಿನಾರಾಣೆ ಎಂದುಕೊಂಡರೆ ಅಭ್ಯಾಸದಲ್ಲಿ ಹದಿಮೂರಾಣೆ ದಾಟಬಾರದು, ಅಂದರೆ ನೂರ ಇಪ್ಪತ್ತೈದರ ಸುಮಾರು. ಮೊದಲು ನೀರು ಬಿಡುವ ತೂಬಿನವರೆಗೆ ನಿಧಾನ, ಅಲ್ಲಿಂದ ಏರಿಯ ಕೊನೆಯ ಕೋಡಿಯವರೆಗೆ ಬಿರುಸು, ವಾಪಸು ಬರುವಾಗ ಮತ್ತೆ ನಿಧಾನ. ಬಿರುಸಿನಲ್ಲೂ ಪಕ್ಕದವರ ಜೊತೆ ಒಂದು ಮಾತು ಆಡುವಷ್ಟು ಉಸಿರು ಉಳಿದಿರಬೇಕು. ಪಂದ್ಯದ ನಡಿಗೆಯಲ್ಲಿ ಒಂದು ಪಾದ ಸದಾ ನೆಲದ ಮೇಲಿರಬೇಕು, ಊರಿದ ಕಾಲಿನ ಮಂಡಿ ಬಗ್ಗಬಾರದು. ಇವೆಲ್ಲ ನನಗೆ ಬೇಗ ಬಂದವು. ಕೈ ಮಾತ್ರ ಬರಲಿಲ್ಲ. ಕುರಿ ಕಾಯುವವರು ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಎರಡೂ ಕೈ ಅದಕ್ಕೆ ನೇತುಹಾಕಿಕೊಂಡು ನಡೆಯುತ್ತೇವೆ. ಕೋಲು ಇಲ್ಲದಿದ್ದರೂ ನನ್ನ ಕೈ ತಾನಾಗಿ ಹೆಗಲಿಗೆ ಏರುತ್ತಿತ್ತು.

"ಕೈ ಇಳಿಸಮ್ಮ, ಬೀಸು" ಎಂದು ಮೇಡಂ.

"ಅಕ್ಕನ್ನ ಯಾರೋ ಪೊಲೀಸ್ನೋರು ಹಿಡ್ಕೊಂಡ್ ಹೋಗ್ತಾ ಇರೋ ಹಂಗದೆ" ಎಂದು ಹಿಂದಿನಿಂದ ಆಪಾ.

ಕೈ ಬೀಸಲು ಕಲಿತ ಮೇಲೆ ವಾಚು ಜಾರತೊಡಗಿತು. ಮೇಡಂ, "ವ್ಯಾಯಾಮ ಮಾಡುವಾಗ ಸಡಿಲ ಇರಬಾರದು, ಗಿಣ್ಣಿನಿಂದ ಒಂದು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿ" ಎಂದರು. ಹಾಗೇ ಕಟ್ಟಿದೆ. ಆ ಜಾಗದಲ್ಲಿ ಕಟ್ಟುವುದು ನನಗೂ ಇಷ್ಟವಾಯಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಅಂದಿನಿಂದ ತೊಂದರೆ ಶುರುವಾಯಿತು. ಕೋಡಿಯ ಹತ್ತಿರ, ಬೆವರು ಇಳಿಯುವಷ್ಟು ಬಿರುಸಾಗಿ ನಡೆದು ನೋಡಿದರೆ ವಾಚು ಅರವತ್ತೆರಡು ಎನ್ನುತ್ತಿತ್ತು. ಕೂತಾಗ ಇರುವುದಕ್ಕಿಂತ ಕಡಿಮೆ. ಇನ್ನೊಂದು ಗಳಿಗೆಗೆ ಬರೀ ಅಡ್ಡಗೆರೆ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನೂರ ಎಪ್ಪತ್ತೆಂಟಕ್ಕೆ ಹಾರಿತು. ಸೊಂಟದ ಎಲೆಯಡಿಕೆ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀಯವ್ವ? ಕೂತ್ಕ. ಇದ್ದಲ್ಲೇ ಕೂತ್ಕ" ಎಂದ ನಿಮ್ಮಪ್ಪ. 

ಏರಿಯ ಕಲ್ಲಿನ ಮೇಲೆ ಕೂತೆ. ಮೇಡಂ ನನ್ನ ಕೈ ಹಿಡಿದು ನಾಡಿ ಎಣಿಸಲು ನೋಡಿದರು. ಅವರ ಬೆರಳೂ ಗಾಬರಿಯಲ್ಲಿತ್ತು, ಎರಡು ಸಲ ಎರಡು ಲೆಕ್ಕ ಬಂತು. "ನನ್ನ ಬೆರಳಿಗಿಂತ ಮಿಷಿನ್ನೇ ಮೇಲು ಬಿಡಿ" ಎಂದು ಕೈಬಿಟ್ಟರು. ಅವರು ಆ ಕಡೆ ಫೋನಿನಲ್ಲಿ ಮಾತಾಡುವಾಗ ನಾನೇ ಕತ್ತಿನ ನರಕ್ಕೆ ಬೆರಳಿಟ್ಟು, ರೊಪ್ಪದಿಂದ ಹೊರಬೀಳುವ ಕುರಿಗಳನ್ನು ಎಣಿಸುವಂತೆ ಜೋಡಿ ಜೋಡಿಯಾಗಿ ಎಣಿಸಿದೆ. ನೂರು ದಾಟಿದ ಹಾಗೆ ಅನ್ನಿಸಿತು, ನೂರ ಎಪ್ಪತ್ತೆಂಟರ ಹತ್ತಿರವೂ ಇರಲಿಲ್ಲ. ಆದರೆ ಹೇಳಲಿಲ್ಲ. ಕುರಿ ಲೆಕ್ಕ ಎದೆಗೆ ಸರಿಹೋಗುತ್ತದೋ ಇಲ್ಲವೋ, ಯಾರಿಗೆ ಗೊತ್ತು.

ವಾಚೇ ಕೆಟ್ಟಿರಬಹುದು ಎಂದು ಆಪಾ ಅದನ್ನು ತನ್ನ ಕೈಗೆ ಕಟ್ಟಿಕೊಂಡು ಕೋಡಿಯವರೆಗೆ ಹೋಗಿಬಂದಳು. ತೂಬಿನಲ್ಲಿ ತೊಂಬತ್ತೆಂಟು, ಕೋಡಿಯಲ್ಲಿ ನೂರ ಹದಿನೆಂಟು, ಕೂತ ಮೇಲೆ ಮೆಲ್ಲಗೆ ಇಳಿಯಿತು. ಒಂದೂ ತಪ್ಪಿಲ್ಲ. ಅವಳು ಸಂತೋಷದಿಂದ ತೋರಿಸಲು ಬಂದು, ನಮ್ಮ ಮುಖ ನೋಡಿ ವಾಚು ಬಿಚ್ಚಿ ಕೊಟ್ಟಳು. ವಾಚು ಸರಿಯಾಗಿದೆ ಎಂದರೆ ಸರಿಯಿಲ್ಲದ್ದು ಯಾವುದು ಎಂದು ಮೂವರಿಗೂ ಹೊಳೆದಿತ್ತು. ಮನೆಯಲ್ಲಿ ಕೂತಾಗ ನೆಟ್ಟಗಿರುವ ನನ್ನ ಎದೆ ಬಿರುಸಾಗಿ ನಡೆದ ಕೂಡಲೇ ದಾರಿ ತಪ್ಪುತ್ತಿದೆ.

ಶಿರಾದಲ್ಲಿ ಮಲಗಿಸಿ ಇಸಿಜಿ ತೆಗೆದರು. ಅದು ಚೆನ್ನಾಗಿ ಬಂತು. ಮಲಗಿದಾಗ ಸರಿಯಿದ್ದರೆ ಸಾಲದು, ನಡೆಸಿ ನೋಡಬೇಕು ಎಂದು ಅಲ್ಲಿನ ಡಾಕ್ಟರು ತುಮಕೂರಿಗೆ ಬರೆದುಕೊಟ್ಟರು. ಅಲ್ಲಿಯವರೆಗೆ ಏರಿಯ ಮೇಲೆ ಕಾಲಿಡಕೂಡದು. ಕುರಿಗಳನ್ನು ನಿಮ್ಮ ಚಿಕ್ಕಪ್ಪ ಹೊಡೆದುಕೊಂಡು ಹೋಗುತ್ತಿದ್ದ. ಸಂಜೆ ಅವು ಬಂದು ರೊಪ್ಪದ ಬಾಗಿಲಲ್ಲಿ ನನ್ನ ಸೆರಗು ಮೂಸುತ್ತಿದ್ದವು. ನಾನು ಒಂದೆರಡು ಸೀರೆ ಮಡಿಚಿ ಚೀಲಕ್ಕೆ ಹಾಕಿಟ್ಟೆ. ಪಾವಗಡಕ್ಕೆ ಹೋಗುವುದೇ ಆದರೆ ಅತ್ತು ಕರೆದು ಹೋಗಬಾರದು, ನೀವಿಬ್ಬರು ಅಲ್ಲಿದ್ದೀರಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

ತುಮಕೂರಿಗೆ ನಿಮ್ಮಪ್ಪನ ಜೊತೆ ಆಪಾಳೂ ಬಂದಳು. ಆ ಪರೀಕ್ಷೆಗೆ ರವಿಕೆ ಬಿಚ್ಚಬೇಕು ಎಂದು ಯಾರೋ ಹೇಳಿದ್ದರು, ನನಗೆ ಅದೇ ಎದೆಗಿಂತ ದೊಡ್ಡ ಚಿಂತೆಯಾಗಿತ್ತು. ಡಾಕ್ಟರು ಹೆಂಗಸು. ನರ್ಸಮ್ಮ ಪರದೆ ಎಳೆದು, ಒಂದು ನಿಲುವಂಗಿ ಹಾಕಿಸಿ, ಎದೆಗೆ ಅಲ್ಲಲ್ಲಿ ಅಂಟು ಬಿಲ್ಲೆ ಹಚ್ಚಿ ತಂತಿ ಸಿಕ್ಕಿಸಿದಳು. ಬಲಗೈ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ನಿಮ್ಮಪ್ಪ ಹೊರಗಿನಿಂದಲೇ, ವಾಚು ಕೂಡ ಇರಲಿ, ಅದು ಏನು ತೋರಿಸುತ್ತೆ ನೋಡಿ ಎಂದು ಕೇಳಿಕೊಂಡಿದ್ದ. ಅದು ಎಡಗೈಯಲ್ಲೇ ಇತ್ತು, ಮೇಡಂ ಹೇಳಿದ ಜಾಗದಲ್ಲಿ, ಬಿಗಿಯಾಗಿ.

ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಕಾಲಡಿಯ ನೆಲವೇ ಹಿಂದಕ್ಕೆ ಹೋಗುತ್ತದೆ, ನಾವು ಇದ್ದಲ್ಲೇ ನಡೆಯುತ್ತಿರಬೇಕು. ಮೂರು ನಿಮಿಷಕ್ಕೊಮ್ಮೆ ವೇಗ ಹೆಚ್ಚುತ್ತದೆ, ಏರೂ ಹೆಚ್ಚುತ್ತದೆ. ಮೊದಲು ಕಂಬಿ ಗಟ್ಟಿಯಾಗಿ ಹಿಡಿದಿದ್ದೆ. ಆಮೇಲೆ ಕೋಡಿಯ ಕಡೆ ಹೋಗುತ್ತಿದ್ದೇನೆ ಎಂದುಕೊಂಡೆ. ಮೈ ಹಗುರಾಯಿತು.

"ಎದೆಯಲ್ಲಿ ಹಿಡಿತ, ಭಾರ, ಏನಾದ್ರೂ?" ಎಂದರು ಡಾಕ್ಟರಮ್ಮ.

"ಇಲ್ಲ ಕಣಮ್ಮ. ಗಾಳಿ ಇಲ್ಲ ಅಷ್ಟೇ."

ಮಿಷಿನ್ನಿನ ಪರದೆಯ ಮೇಲೆ ಗೆರೆಗಳು ಒಂದೇ ಸಮ ಏಳುತ್ತಾ ಬೀಳುತ್ತಾ ಹೋಗುತ್ತಿದ್ದವು. ಪಕ್ಕದಲ್ಲಿ ನೂರ ಹದಿನಾರು ಎಂದಿತ್ತು. ಡಾಕ್ಟರಮ್ಮ ಬಗ್ಗಿ ವಾಚು ನೋಡಿದರು. ಅರವತ್ತನಾಲ್ಕು. ಇನ್ನಷ್ಟು ಏರಿಸಿದರು. ಪರದೆಯಲ್ಲಿ ನೂರ ಮೂವತ್ತು, ವಾಚಿನಲ್ಲಿ ಅಡ್ಡಗೆರೆ. ಅವರು ಪರೀಕ್ಷೆ ಮುಗಿಸಿ, ನಿಧಾನವಾಗಿ ನಿಲ್ಲಿಸಿ, ನನ್ನನ್ನು ಕೂರಿಸಿ, ಕಾಗದದ ಉದ್ದಕ್ಕೂ ಕಣ್ಣಾಡಿಸಿದರು. ಆ ಹೊತ್ತಿನಲ್ಲಿ ನಾನು ಪಾವಗಡದ ಬಸ್ಸಿನ ಕಿಟಕಿ ಪಕ್ಕ ಕೂತಾಗಿತ್ತು.

"ನಿಮ್ಮ ಹೃದಯ ಚೆನ್ನಾಗಿದೆ ಅಜ್ಜಿ. ಅವತ್ತು ತಲೆ ಸುತ್ತಿದ್ದು ಹೊಟ್ಟೆಗೆ ಏನೂ ಇಲ್ಲದೆ ಬಿಸಿಲಲ್ಲಿ ಅಲೆದಿದ್ದಕ್ಕೆ ಅನ್ಸುತ್ತೆ. ಸುಳ್ಳು ಹೇಳ್ತಿರೋದು ಇದು" ಎಂದು ವಾಚು ಬಿಚ್ಚಿದರು. ಬಿಚ್ಚಿದವರು ನನ್ನ ಮುಂಗೈಯನ್ನು ದೀಪದ ಕಡೆ ತಿರುಗಿಸಿದರು. "ಇದೇನಿದು, ಹಚ್ಚೆಯಾ? ಏನೋ ಬರೆದಿದೆಯಲ್ಲ. ಏನಂತ ಇದು?"

ನಾನು ತಲೆ ತಗ್ಗಿಸಿದೆ.

"ಅವ್ರ ಯಜಮಾನ್ರ ಹೆಸ್ರು ಡಾಕ್ಟರಮ್ಮ" ಎಂದಳು ಮೂಲೆಯ ಸ್ಟೂಲಿನಿಂದ ಆಪಾ. "ಅಕ್ಕ ಬಾಯ್ಬಿಟ್ಟು ಹೇಳಲ್ಲ. ನೀವೇ ಓದ್ಕಳಿ."

ಡಾಕ್ಟರಮ್ಮ ಮೂರಕ್ಷರವನ್ನೂ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು. ಆ ಹೆಸರನ್ನು ಒಬ್ಬರು ಬಾಯಿತುಂಬ ಹೇಳಿದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ನಾನು ಅದನ್ನು ಇಲ್ಲೂ ಬರೆಯುವುದಿಲ್ಲ. ನಿಮ್ಮಪ್ಪನನ್ನು ಕೇಳಿ.

ನನ್ನ ಮದುವೆಯಾದ ವರ್ಷ ನಮ್ಮ ಹಟ್ಟಿಗೆ ಹಚ್ಚೆ ಹಾಕುವ ಹೆಂಗಸು ಬಂದಿದ್ದಳು. ಅವಳಿಗೆ ಚೇಳು, ತೊಟ್ಟಿಲು, ದೀಪದ ಕಂಬ ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ನಿಮ್ಮ ತಾತ ಒಲೆಯಿಂದ ಇದ್ದಿಲು ತಂದು, ಎಲ್ಲರೆದುರಿಗೆ ನನ್ನ ಕೈ ಹಿಡಿದು, ತಾವೇ ಅಕ್ಷರ ಬರೆದುಕೊಟ್ಟರು. ಅವಳು ಅದರ ಮೇಲೆ ಸೂಜಿ ಚುಚ್ಚಿದಳು. ಮಾಸಿಹೋಗಬಾರದು ಎಂದು ನಿಮ್ಮ ತಾತ ಹೇಳಿದ್ದಕ್ಕೆ ಎರಡನೇ ಸಲವೂ ಚುಚ್ಚಿ ದಪ್ಪ ಮಾಡಿದಳು. ನೋವಿಗಿಂತ ನಾಚಿಕೆಗೆ ನನ್ನ ಕಣ್ಣಲ್ಲಿ ನೀರು ಬಂತು. ಬಳೆ ಇರುವವರೆಗೆ ಅದು ಬಳೆಯ ಹಿಂದೆ ಮರೆಯಾಗಿತ್ತು. ಬಳೆ ತೆಗೆದ ಮೇಲೆ ಬಯಲಿಗೆ ಬಂತು, ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದೆ. ವಾಚನ್ನು ಒಂದು ಬೆರಳು ಮೇಲಕ್ಕೆ ಕಟ್ಟಿ ಎಂದು ಮೇಡಂ ಹೇಳಿದಾಗ ಅದು ಸರಿಯಾಗಿ ಆ ಹೆಸರನ್ನು ಮುಚ್ಚಿತು. ಅದಕ್ಕೇ ಆ ಜಾಗ ನನಗೆ ಇಷ್ಟವಾಗಿದ್ದು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಬಂದು ಹೋಗುವುದನ್ನು ನೋಡಿ ವಾಪಸು ಬರಬೇಕು. ಹಚ್ಚೆಯ ಮಸಿ ದಪ್ಪವಾಗಿದ್ದರೆ ಬೆಳಕನ್ನು ನುಂಗಿಬಿಡುತ್ತದೆ. ಆಗ ವಾಚು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಮನೆಯಲ್ಲಿ ಸಡಿಲವಾಗಿ ಗಿಣ್ಣಿನ ಕೆಳಗೆ ಇದ್ದಾಗ ಮಸಿ ಅಡ್ಡ ಇರಲಿಲ್ಲ, ಹಾಗಾಗಿ ಸರಿಯಾಗಿ ತೋರಿಸಿತ್ತು. ನರ್ಸಮ್ಮ ಬಿಪಿ ಪಟ್ಟಿ ಬಿಚ್ಚಿ ವಾಚನ್ನು ಬಲಗೈಗೆ ಕಟ್ಟಿ ಮತ್ತೆ ಸ್ವಲ್ಪ ನಡೆಸಿದಳು. ಪರದೆಯೂ ವಾಚೂ ಒಂದೇ ಮಾತು ಆಡಿದವು.

"ನೋಡಕ್ಕ" ಎಂದಳು ಆಪಾ, "ಇಷ್ಟು ದಿನ ಯಾರೂ ನಿನ್ ದಿಲ್ ನೋಡ್ಬಾರ್ದು ಅಂತ ನಿನ್ ಯಜಮಾನ್ರು ಅಡ್ಡ ಕೂತಿದ್ದಾರೆ. ಎಂಥಾ ಹೊಟ್ಟೆಕಿಚ್ಚಿನ ಮನುಷ್ಯ."

ಪರದೆಯೊಳಗೆ ನಾವು ನಾಲ್ಕು ಜನ ಹೆಂಗಸರು ನಕ್ಕದ್ದು ಹೊರಗಿದ್ದ ನಿಮ್ಮಪ್ಪನಿಗೆ ಕೇಳಿಸಿ ಗಾಬರಿಯಾಯಿತಂತೆ. ಹೊರಗೆ ಬಂದು ಹೇಳಿದೆ. ಅವನು ನನ್ನ ಕೈ ಹಿಡಿದು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. "ಇಷ್ಟು ಹತ್ರದಿಂದ ನೋಡೇ ಇರ್ಲಿಲ್ಲ ಕಣವ್ವ" ಎಂದ.

ಡಾಕ್ಟರಮ್ಮ ಪಂದ್ಯಕ್ಕೆ ಹೋಗಿ ಎಂದರು, ನೂರ ಮೂವತ್ತೈದು ದಾಟಿದರೆ ನಿಧಾನ ಮಾಡಿ, ಎದೆಯಲ್ಲಿ ಏನಾದರೂ ಅನ್ನಿಸಿದರೆ ಪಂದ್ಯ ಬಿಟ್ಟು ನಿಲ್ಲಿ ಎಂದರು. ನಿಮ್ಮಪ್ಪ ಅದನ್ನು ವಾಚಿಗೂ ಹೇಳಿಕೊಟ್ಟ, ಅಷ್ಟಕ್ಕೆ ಏರಿದರೆ ಅದು ಕೈಯಲ್ಲಿ ಗುರ್ ಎನ್ನುವಂತೆ. "ಒಂದ್ಸಲ ದಾಟಿ, ನೀನು ಇಳಿಸ್ದೆ ಹೋದ್ರೆ ನಾನೇ ಒಳಕ್ ಬಂದು ಕೈ ಹಿಡಿದು ಕರ್ಕೊಂಡ್ ಹೋಗ್ತೀನಿ" ಎಂದ. ಹೆದರಿಕೆ ಅವನನ್ನು ಪೂರ್ತಿ ಬಿಟ್ಟಿರಲಿಲ್ಲ.

ಪಂದ್ಯದ ದಿನ ಮಧುಗಿರಿಯಲ್ಲಿ ಮೋಡ ಕವಿದಿತ್ತು. ಹೆಂಗಸರಿಗೆ ಬಟ್ಟೆ ಬದಲಿಸಲು ಕೊಟ್ಟಿದ್ದ ಕೋಣೆಯಲ್ಲಿ ಕೂತು ಈ ಸಲ ಮೇಡಂ ಹಾಕಿಸಿದ್ದ ಶೂವಿನ ದಾರ ಕಟ್ಟಿದೆ. ತುಮಕೂರಿನಿಂದ ಬಂದ ಮೇಲೆ ಏರಿಯ ಅಭ್ಯಾಸದಲ್ಲಿ ಕಡೆಗೆ ಡಾಕ್ಟರಮ್ಮ ಹೇಳಿದ ನೂರ ಮೂವತ್ತೈದನ್ನೇ ಮುಟ್ಟುತ್ತಿದ್ದೆ. ಪಂದ್ಯದಲ್ಲಿ ದಾಟುತ್ತದೆ ಎಂದು ನನಗೆ ಗೊತ್ತಿತ್ತು. ದಾಟಿದರೆ ಅವನು ಗಾಬರಿಯಾಗುತ್ತಾನೆ, ಕೊನೆಯ ಸುತ್ತಿನಲ್ಲಿ ಒಳಗೆ ಬಂದೇ ಬಿಡುತ್ತಾನೆ. ವಾಚು ಕೈಯಲ್ಲಿತ್ತು. ಸುಮ್ಮನೆ ಅದನ್ನು ಎಡಗೈಗೆ, ಆ ಹೆಸರಿನ ಮೇಲೆ, ಬಿಗಿಯಾಗಿ ಕಟ್ಟಿದೆ. ಒಂದು ಸಲ ಹಾರಿದ್ದು ಬಿಟ್ಟರೆ ಅಲ್ಲಿ ಅದು ಯಾವತ್ತೂ ಕಡಿಮೆಯೇ, ಅರವತ್ತೋ ಎಪ್ಪತ್ತೋ ತೋರಿಸಿಕೊಂಡಿರುತ್ತದೆ. ಅವನು ನಿಶ್ಚಿಂತೆಯಿಂದ ನೋಡಲಿ, ನಾನು ನಿಶ್ಚಿಂತೆಯಿಂದ ನಡೆಯುತ್ತೇನೆ.

ಆಪಾ ಬುರ್ಖಾ ಮಡಿಚಿಡುತ್ತಾ ಓರೆಗಣ್ಣಲ್ಲಿ ನೋಡಿದಳು. "ಯಾಕಕ್ಕ ಆ ಕೈಗೆ?"

"ಮರ್ತೆ ಕಣೆ."

"ಹೂಂ" ಎಂದಳು. ಅಷ್ಟೇ. ಯಾವಾಗಲೂ ಮಾತಾಡುವವಳು ಸುಮ್ಮನಾದರೆ ಕಿವಿಗೆ ಹೆಚ್ಚು ಕೇಳಿಸುತ್ತದೆ.

ನಿಮ್ಮ ತಾತ ಬದುಕಿದ್ದಾಗ ಎದೆ ಭಾರ ಅನ್ನಿಸಿದರೂ ಯಾರಿಗೂ ಹೇಳುತ್ತಿರಲಿಲ್ಲ, ಆ ಹುಡುಗ, ನಿಮ್ಮಪ್ಪ, ಹೆದರುತ್ತಾನೆ ಎಂದು. ಆ ಹುಡುಗನೇ ಅವರನ್ನು ಹೊತ್ತು ತಂದ. ಈಗ ಅವರ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡು ನಾನೂ ಅವನಿಗೆ ಅದನ್ನೇ ಮಾಡಲು ಹೊರಟಿದ್ದೆ. ವಾಚು ಬಿಚ್ಚಿ ಬಲಗೈಗೆ ಕಟ್ಟಿದೆ. ಎಡಗೈ ಬರಿದಾಗಿ ಉಳಿಯಿತು. ಅವತ್ತು ಸೆರಗನ್ನೂ ಅದರ ಮೇಲೆ ಎಳೆದುಕೊಳ್ಳಲಿಲ್ಲ, ಸೊಂಟಕ್ಕೆ ಸಿಕ್ಕಿಸಿದೆ.

ಮೂರು ಕಿಲೋಮೀಟರ್ ನಡಿಗೆ. ಶುರುವಿನಲ್ಲಿ ಎಲ್ಲರೂ ನುಗ್ಗಿದರು. ನಾನು ತೂಬಿನವರೆಗಿನ ನಡಿಗೆ ನಡೆದೆ. ಒಂದೊಂದೇ ಸುತ್ತು ಕಳೆದಂತೆ ಮುಂದಿನವರು ಸಿಕ್ಕುತ್ತಾ ಬಂದರು. ಕೊನೆಯ ಸುತ್ತಿಗೆ ಬರುವಾಗ ನನ್ನ ಮುಂದೆ ಆಪಾ ಒಬ್ಬಳು, ನನ್ನ ಜೋಡಿಗೆ ಕೊರಟಗೆರೆಯ ಒಬ್ಬ ನಿವೃತ್ತ ಅಂಗನವಾಡಿ ಟೀಚರು. ಬೆಟ್ಟ ಎದುರಿಗೆ ಬಂತು. ಕಾಲು ನನ್ನದಲ್ಲವೇನೋ ಎನ್ನುವಷ್ಟು ಚೆನ್ನಾಗಿ ಹೋಗುತ್ತಿತ್ತು. ಆಗ ಬಲಗೈಯಲ್ಲಿ ವಾಚು ಗುರ್ ಎಂದಿತು. ನೂರ ಮೂವತ್ತೊಂಬತ್ತು.

ಎದೆಯಲ್ಲಿ ಏನೂ ಇರಲಿಲ್ಲ. ಆಪಾ ಹತ್ತು ಮಾರು ಮುಂದೆ ಇದ್ದಳು, ಹಿಡಿಯಬಹುದಿತ್ತು. ಬೇಲಿಯಾಚೆ ನಿಮ್ಮಪ್ಪ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಬೇಲಿಯ ಮೇಲಿಟ್ಟು ಒಂದು ಕಾಲು ಎತ್ತಿದ್ದ.

ನಾನು ಹೆಜ್ಜೆ ಚಿಕ್ಕದು ಮಾಡಿದೆ. ಕೈ ಬೀಸು ತಗ್ಗಿಸಿ ಉಸಿರನ್ನು ಉದ್ದಕ್ಕೆ ಬಿಟ್ಟೆ. ಕೊರಟಗೆರೆಯವರು ಪಕ್ಕದಲ್ಲೇ ದಾಟಿ ಹೋದರು. ಅವರ ಹಿಂದೆ ಇನ್ನೊಬ್ಬರು. ನೂರ ಮೂವತ್ತೇಳು, ನೂರ ಮೂವತ್ತನಾಲ್ಕು. ವಾಚು ಸುಮ್ಮನಾಯಿತು. ಕೊನೆಯ ತಿರುವಿನಲ್ಲಿ ನೋಡಿದರೆ ನಿಮ್ಮಪ್ಪ ಎತ್ತಿದ ಕಾಲು ಇಳಿಸಿ, ಫೋನನ್ನು ಜೇಬಿಗೆ ಹಾಕಿಕೊಂಡು, ಸುಮ್ಮನೆ ನನ್ನನ್ನು ನೋಡುತ್ತಿದ್ದ. ನಾನು ನಾಲ್ಕನೆಯವಳಾಗಿ ಬಂದೆ. ವೇದಿಕೆ ಹತ್ತುವ ಕಷ್ಟ ತಪ್ಪಿತು.

ಆಪಾಳ ಕತ್ತಿನಲ್ಲಿ ಪದಕ ಇತ್ತು. "ನೀನು ಬಿಟ್ಕೊಟ್ಟೆ ಅಂತ ಊರಲ್ಲಿ ಹೇಳ್ಬೇಡ" ಎಂದು ನನ್ನ ಕೈ ಹಿಂಡಿದಳು. ಮೇಡಂ ನೀರಿನ ಬಾಟಲು ತಂದುಕೊಟ್ಟರು.

ನಿಮ್ಮಪ್ಪ ಬಂದು ಪಕ್ಕದಲ್ಲಿ ಕೂತ. "ನಿನ್ ಫೋನ್ ಕೊಡವ್ವ" ಎಂದ. ಎಲೆಯಡಿಕೆ ಚೀಲದಿಂದ ತೆಗೆದುಕೊಟ್ಟೆ. ಅದರಲ್ಲಿ ಏನೋ ಒತ್ತಿದ, ತನ್ನದರಲ್ಲೂ ಒತ್ತಿದ.

"ಏನ್ಲಾ ಮಾಡ್ದೆ?"

"ಇನ್ಮೇಲೆ ಅಂಕಿ ನಂಗ್ ಬರಾದ್ ಬ್ಯಾಡ. ನೀನೇ ನೋಡ್ಕ. ನಿಧಾನ ಮಾಡಾದು ನಿಂಗೆ ಬತ್ತದೆ." ಆಮೇಲೆ ಬೆಟ್ಟದ ಕಡೆ ತಿರುಗಿ, "ಕುರಿ ಹೊಡ್ಕೊಂಡ್ ಹೋಗುವಾಗ ಮಾತ್ರ ಉಂಡ್ಕೊಂಡು ಹೋಗು ಕಣವ್ವ" ಎಂದ.

ಮನೆಗೆ ಬಂದು ಚೀಲದಲ್ಲಿ ಮಡಿಚಿಟ್ಟಿದ್ದ ಸೀರೆಗಳನ್ನು ತೆಗೆದು ಬಟ್ಟೆ ನೇತುಹಾಕುವ ಗಳುವಿನ ಮೇಲೆ ಹಾಕಿದೆ. ಮರುದಿನ ಬೆಳಗ್ಗೆ ರೊಪ್ಪದ ಬಾಗಿಲು ತೆಗೆದವಳು ನಾನು. ಈಗಲೂ ಏರಿಯ ಮೇಲೆ ನಡೆಯುವಾಗ ತೂಬಿನಲ್ಲಿ ಒಮ್ಮೆ, ಕೋಡಿಯಲ್ಲಿ ಒಮ್ಮೆ ಬಲಗೈ ನೋಡಿಕೊಳ್ಳುತ್ತೇನೆ. ಎಡಗೈಯನ್ನು ನಿಮ್ಮ ತಾತನಿಗೇ ಬಿಟ್ಟಿದ್ದೇನೆ.